ಬಾಳಿನ ಋತುಗಳು ಮತ್ತು ಲಿಂಗನಿಷ್ಠೆ

ವಸಂತ, ಗ್ರೀಷ್ಮ, ವರ್ಷ, ಶರತ್, ಹೇಮಂತ, ಶಿಶಿರಗಳೆಂಬ ಆರು ಋತುಗಳು ಒಂದನ್ನೊಂದು ಹಿಂಬಾಲಿಸಿ ಬರುವುವು. ಯಾವುದೂ ತನ್ನ ಸರದಿಯನ್ನು ಮೀರಿ ನಿಲ್ಲದು. ಒಕ್ಕಲುತನ ಮಾಡುವವನು ಇದನ್ನು ಚೆನ್ನಾಗಿ ಬಲ್ಲನು. ಮುಂಗಾರಿಗೆ ಮುನ್ನ ಬೀಜವನ್ನು ಅಣಿಗೊಳಿಸುವನು. ಸುಗ್ಗಿ ಬಂದಾಗ ಕೊಯ್ಯುವನು. ಕೊಯ್ದ ಹೊಲವನ್ನು ನೋಡಿ ಹಸಿರು ಹೋಯಿತೆಂದು ಅಳುವುದಿಲ್ಲ. ಹೊಲದ ಋತುವನ್ನು ಇಷ್ಟು ಬಲ್ಲ ಮನುಷ್ಯನೇ ತನ್ನ ಬಾಳಿನ ಋತುವನ್ನು ಒಪ್ಪಿಕೊಳ್ಳಲು ಹಿಂಜರಿಯುತ್ತಾನೆ. ಎಳೆಯನು ದೊಡ್ಡವನಾದ ಮೇಲೆ ಶಿವಪೂಜೆಯನ್ನು ನೋಡಿಕೊಳ್ಳೋಣವೆನ್ನುತ್ತಾನೆ. ಪ್ರಾಯದವನು ಸಂಸಾರದ ಭಾರ ಇಳಿಯಲೆನ್ನುತ್ತಾನೆ. ಮುಪ್ಪಿನವನು ಕಳೆದುಹೋದುದನ್ನು ನೆನೆದು ಕೊರಗುತ್ತಾನೆ. ಹೀಗೆ ಮೂರು ಕಾಲವೂ ಕೈತಪ್ಪಿ ಹೋಗುತ್ತದೆ. ಈ ಬೇನೆಗೆ ಶರಣರು ತೋರಿದ ಮದ್ದೇನೆಂಬುದನ್ನು ವಿಚಾರಿಸುವವರಿಗೆ ಉತ್ತರ ಕನ್ನಡ ಜಿಲ್ಲೆಯ ಗೇರುಸೊಪ್ಪೆಯು ಒಂದು ಒಳ್ಳೆಯ ನಿದರ್ಶನವಾಗಿದೆ.

ಗೇರುಸೊಪ್ಪೆಯು ಹೊನ್ನಾವರ ತಾಲೂಕಿನಲ್ಲಿ ಶರಾವತಿಯ ದಡದ ಮೇಲಿರುವ ಊರು. ತೀರ್ಥಹಳ್ಳಿ ತಾಲೂಕಿನ ಅಂಬುತೀರ್ಥದಲ್ಲಿ ಹುಟ್ಟಿದ ನದಿಯು ಜೋಗದಲ್ಲಿ 830 ಅಡಿಗಳ ಕೆಳಕ್ಕೆ ಧುಮುಕಿ, ಕಾಡಿನ ಕಣಿವೆಯಲ್ಲಿ ಹರಿದು, ಗೇರುಸೊಪ್ಪೆಯನ್ನು ಹಾಯ್ದು ಹೊನ್ನಾವರದಲ್ಲಿ ಕಡಲನ್ನು ಸೇರುತ್ತದೆ. ಹಿಂದೆ ಈ ಸೀಮೆಯನ್ನು ಲೋಕದಲ್ಲಿ ಹೆಸರಾಗಿಸಿದ ಬೆಳೆಯೆಂದರೆ ಕರಿಮೆಣಸು. ಈ ಬಳ್ಳಿಯ ನಡೆಯನ್ನು ಗಮನಿಸಿದರೆ ಬಾಳಿನ ಋತುಗಳ ಪಾಠವೇ ಅಲ್ಲಿ ದೊರೆಯುತ್ತದೆ. ಮಳೆ ಬಿದ್ದ ಮೇಲೆ ಬಳ್ಳಿಯು ಹೂ ತಳೆಯುತ್ತದೆ. ಮಾಗಿಯ ಚಳಿಯ ಹೊತ್ತಿಗೆ ಕಾಳು ಬಲಿಯತೊಡಗುತ್ತದೆ. ಬಲಿತ ಕಾಳನ್ನು ಕೊಯ್ದು ಬಿಸಿಲಿಗೆ ಹರವಿದಾಗ ಹಸಿರು ಮಾಸಿ ಕಪ್ಪಾಗುತ್ತದೆ, ಮೈಯೆಲ್ಲ ಸುಕ್ಕುಗಟ್ಟುತ್ತದೆ. ಕಣ್ಣಿಗೆ ಚೆಲುವಾದ ಹಸಿಯ ಕಾಳು ಬೇಗನೆ ಕೆಡುವುದು. ಸುಕ್ಕುಗಟ್ಟಿದ ಕರಿಯ ಕಾಳು ವರ್ಷಗಟ್ಟಲೆ ತನ್ನ ಖಾರವನ್ನು ಕಾಪಾಡಿಕೊಳ್ಳುವುದು. ಕಡಲು ದಾಟಿ ಬಂದ ಪೋರ್ಚುಗೀಸರು ಅರಸಿದ್ದು ಈ ಸುಕ್ಕುಗಟ್ಟಿದ ಕಾಳನ್ನೇ.

ಆದರೆ ಇಲ್ಲಿ ಇನ್ನೊಂದು ಮಾತನ್ನೂ ಮರೆಯಲಾಗದು. ಬಿಸಿಲು ಕಾಣದೆ ಮೂಲೆಯಲ್ಲಿ ರಾಶಿ ಬಿದ್ದ ಕಾಳಿಗೆ ಬೂಸಲು ಹಿಡಿಯುತ್ತದೆ. ವಯಸ್ಸಾದ ಮಾತ್ರಕ್ಕೆ ಮನುಷ್ಯನು ಮಾಗಿದನೆಂದು ಹೇಳಲಾಗದು. ಮಾಗುವುದಕ್ಕೆ ಆಚಾರದ, ಕಾಯಕದ, ಶಿವಾನುಭಾವದ ಬಿಸಿಲು ಬೇಕು. ಆ ಬಿಸಿಲನ್ನು ಕಾಣದ ಮುಪ್ಪು ಬರಿಯ ವರ್ಷಗಳ ರಾಶಿಯಷ್ಟೆ.

ಮೆಣಸಿನಂತೆ ರಾಜ್ಯಕ್ಕೂ ಋತುಗಳುಂಟು. ಗೇರುಸೊಪ್ಪೆಯು ಸಾಳುವ ವಂಶದ ಜೈನ ಅರಸರ ರಾಜಧಾನಿಯಾಗಿತ್ತು. ರಾಣಿ ಚೆನ್ನಭೈರಾದೇವಿಯು 1552ರಿಂದ 1606ರವರೆಗೆ, ಐವತ್ತನಾಲ್ಕು ವರ್ಷಗಳ ದೀರ್ಘಕಾಲ ಇಲ್ಲಿ ಆಳಿದಳೆಂದು ಇತಿಹಾಸಕಾರರು ಎಣಿಸುತ್ತಾರೆ. ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿಯೆಂದೇ ಕರೆದರು. ಕೊನೆಗೆ ಕೆಳದಿಯ ವೆಂಕಟಪ್ಪ ನಾಯಕನು ಗೇರುಸೊಪ್ಪೆಯನ್ನು ಗೆದ್ದನು. ರಾಣಿಯು ತನ್ನ ಕೊನೆಯ ದಿನಗಳನ್ನು ಸೆರೆಯಲ್ಲಿ ಕಳೆದಳೆಂದು ಹೇಳುತ್ತಾರೆ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆಯು ಹೊನ್ನಾವರದಿಂದ ದೋಣಿಯಲ್ಲಿ ನದಿಯ ಮೇಲ್ಮುಖವಾಗಿ ಬಂದು ಇಕ್ಕೇರಿಗೆ ಹೋಗುವಾಗ ಗೇರುಸೊಪ್ಪೆಯನ್ನು ಕಂಡನು. ನದಿಯ ಚೆಲುವನ್ನು ಅವನು ಬಾಯ್ತುಂಬ ಹೊಗಳಿದನು. ಆದರೆ ಹೆಸರಾಂತ ಆ ಪಟ್ಟಣವೂ ಅರಮನೆಯೂ ಹಾಳಾಗಿ, ಮರಗಿಡಗಳು ಬೆಳೆದುನಿಂತಿದ್ದವೆಂದು ಬರೆದಿಟ್ಟನು. ಅರ್ಧ ಶತಮಾನದ ಸಿರಿಯು ಕಾಡಾಗುವುದಕ್ಕೆ ಹದಿನೇಳು ವರ್ಷಗಳು ಸಾಕಾದುವು.

ಗೆದ್ದ ಕೆಳದಿಯ ಅರಸರು ವೀರಶೈವರು. ಮಠಗಳಿಗೂ ದಾಸೋಹಕ್ಕೂ ಆಸರೆಯಾದವರು, ವಿದ್ವಾಂಸರನ್ನು ಪೊರೆದವರು. ಅವರ ವಂಶದ ಬಸವಪ್ಪ ನಾಯಕನು ‘ಶಿವತತ್ತ್ವರತ್ನಾಕರ’ವೆಂಬ ಮಹಾಗ್ರಂಥವನ್ನು ರಚಿಸಿದನು. ಆ ಕಾರಣದಿಂದ ಈ ಗೆಲುವಿನ ಕಥೆಯನ್ನು ಕೇಳುವಾಗ ಶಿವಭಕ್ತನಿಗೆ ಹೆಮ್ಮೆಯೆನಿಸುವುದು ಸಹಜ. ಅಂಥವನು ಮುಂದಿನ ಪುಟವನ್ನೂ ಓದಬೇಕು. ಗೇರುಸೊಪ್ಪೆ ಬಿದ್ದ ಒಂದೂವರೆ ಶತಮಾನದ ಮೇಲೆ, 1763ರಲ್ಲಿ, ಹೈದರಾಲಿಯು ಬಿದನೂರನ್ನು ಹಿಡಿದನು. ಕೆಳದಿಯ ಅರಸೊತ್ತಿಗೆಯೂ ಮುಗಿಯಿತು. ಮುಂದೆ ಹೈದರನ ಮನೆತನದ ಆಳಿಕೆಯೂ 1799ರಲ್ಲಿ ಟಿಪ್ಪುವಿನೊಡನೆ ಕೊನೆಗೊಂಡಿತು. ಸೋತವನ ಶಿಶಿರವನ್ನು ಕಂಡು ನಗುವವನು ತನ್ನ ಅಂಗಳದಲ್ಲಿ ಎಲೆ ಉದುರುವುದನ್ನು ಕಾಣನು. ಇಂದು ಗೇರುಸೊಪ್ಪೆಯ ಕಾಡಿನ ನಡುವೆ ನಾಲ್ಕು ದಿಕ್ಕುಗಳಿಗೂ ಬಾಗಿಲು ತೆರೆದ ಕಲ್ಲಿನ ಚತುರ್ಮುಖ ಬಸದಿ ನಿಂತಿದೆ. ಅನ್ಯಧರ್ಮದ ಆ ಮಂದಿರದೆದುರು ಶಿವಭಕ್ತನು ಕೈಮುಗಿದು ನಿಂತು, ತನ್ನ ಮನೆಯ ಸಿರಿಗೂ ಒಂದು ಸರದಿಯುಂಟೆಂಬುದನ್ನು ನೆನೆದರೆ ಅವನ ಭಕ್ತಿಗೆ ಕುಂದೇನೂ ಬಾರದು.

ಇದರಿಂದ ಎಲ್ಲವೂ ವ್ಯರ್ಥವೆಂದು ಕೈಚೆಲ್ಲಿ ಕೂಡಬೇಕೆ? ಶರಣರು ಹಾಗೆ ಹೇಳಲಿಲ್ಲ. ನಿಂತುಬಿಟ್ಟುದಕ್ಕೆ ಅಳಿವಿದೆ, ಕಾಯವನ್ನೇ ಗುಡಿಯಾಗಿಸಿಕೊಂಡು ನಡೆಯುವ ಅರಿವಿಗೆ ಆ ಭಯವಿಲ್ಲ ಎಂಬುದು ಬಸವಣ್ಣನವರ ಬೋಧೆಯ ಸಾರ. ಅರಮನೆಯಂತೆಯೇ ಅಧಿಕಾರ, ಪ್ರಾಯ, ಆಸ್ತಿಗಳೂ ಸ್ಥಾವರಗಳೇ. ಅವುಗಳಲ್ಲಿ ಬಾಳುವುದು ದೋಷವಲ್ಲ. ಅವುಗಳಿಗೆ ಅಂಟಿಕೊಂಡು ನಿಲ್ಲುವುದು ದೋಷ. ಒಂದು ಋತುವಿನಿಂದ ಇನ್ನೊಂದಕ್ಕೆ ಹಗುರಾಗಿ ನಡೆಯಬಲ್ಲವನಲ್ಲಿ ಜಂಗಮಗುಣವಿದೆ.

ಬಾಳನ್ನು ನಾಲ್ಕು ಆಶ್ರಮಗಳಾಗಿ ವಿಭಾಗಿಸಿ, ವಿರಕ್ತಿಯನ್ನು ಕೊನೆಯ ಪಾಲಿಗೆ ಇಡುವ ಪದ್ಧತಿಯೊಂದು ಈ ದೇಶದಲ್ಲಿ ಹಿಂದಿನಿಂದ ಬಂದಿದೆ. ಶರಣಮಾರ್ಗವು ಆ ಏಣಿಯನ್ನು ಕಾಯುತ್ತ ಕುಳಿತಿರುವುದಿಲ್ಲ. ಮಗುವು ಗರ್ಭದಲ್ಲಿರುವಾಗಲೇ ತಾಯಿಯ ಮೂಲಕ ಲಿಂಗಸಂಸ್ಕಾರ ನಡೆಯುತ್ತದೆ. ಹುಟ್ಟಿದ ಮಗುವಿಗೆ ಲಿಂಗವನ್ನು ಕಟ್ಟುತ್ತಾರೆ. ಕಡೆಯ ದಿನ ಸಮಾಧಿಯಲ್ಲಿ ಕೂರಿಸುವಾಗಲೂ ಅಂಗೈಯಲ್ಲಿ ಲಿಂಗವಿರುತ್ತದೆ. ತೊಟ್ಟಿಲು ಹೋದರೂ, ಪಾಟಿಚೀಲ ಹೋದರೂ, ಬಾಸಿಂಗ ಹೋದರೂ, ಊರುಗೋಲು ಹೋದರೂ ಜೊತೆಗಿರುವ ಗೆಳೆಯನು ಅವನೊಬ್ಬನೇ. ಋತುಗಳು ಅಂಗಕ್ಕೆ ಬರುವುವು, ಲಿಂಗಕ್ಕೆ ಬಾರವು. ಅಂಗದ ಮೇಲೆ ಲಿಂಗವಿರುವುದರ ಮರ್ಮವನ್ನು ಅರಿತವನಿಗೆ ಯಾವ ಋತುವೂ ಪೂಜೆಗೆ ತೀರ ಮುಂಚೆಯೂ ಅಲ್ಲ, ತೀರ ತಡವೂ ಅಲ್ಲ.

ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯವೆಂಬ ಆರು ಸ್ಥಲಗಳು ವಯಸ್ಸಿನ ಲೆಕ್ಕದಲ್ಲಿ ಬರುವುವಲ್ಲ. ಷಟ್‌ಸ್ಥಲಚಕ್ರವರ್ತಿಯೆನಿಸಿದ ಚೆನ್ನಬಸವಣ್ಣನವರು ಕಿರಿಯ ಪ್ರಾಯದಲ್ಲಿಯೇ ಹಿರಿಯರಿಗೆ ದಾರಿ ತೋರಿದರು. ಅವರು ಐಕ್ಯರಾದ ಉಳವಿಯು ಗೇರುಸೊಪ್ಪೆಯಿರುವ ಉತ್ತರ ಕನ್ನಡ ಜಿಲ್ಲೆಯಲ್ಲಿಯೇ ಇದೆ. ಮೋಳಿಗೆಯ ಮಾರಯ್ಯನವರ ಕಥೆ ಬೇರೆ ಬಗೆಯದು. ಕಾಶ್ಮೀರದ ಅರಸುತನವನ್ನು ಬಿಟ್ಟು ಕಲ್ಯಾಣಕ್ಕೆ ಬಂದು ಕಟ್ಟಿಗೆಯ ಹೊರೆಯನ್ನು ಮಾರಿ ದಾಸೋಹ ಮಾಡಿದವರೆಂದು ಶಿವಶರಣರ ಪುರಾಣಗಳು ಅವರನ್ನು ಕೊಂಡಾಡುತ್ತವೆ. ಗೇರುಸೊಪ್ಪೆಯ ಸಿಂಹಾಸನವನ್ನು ಕಾಲವು ಕಿತ್ತುಕೊಂಡಿತು. ಮಾರಯ್ಯನವರು ತಮ್ಮ ಸಿಂಹಾಸನವನ್ನು ತಾವೇ ಇಳಿದರು. ಅರಸುತನದ ಋತು ಇಬ್ಬರಿಗೂ ಮುಗಿಯಿತು. ಒಬ್ಬರ ಪಾಲಿಗೆ ಅದು ಸೆರೆಯಾಯಿತು, ಇನ್ನೊಬ್ಬರ ಪಾಲಿಗೆ ಬಿಡುಗಡೆಯಾಯಿತು. ಅಂಥ ಮಾರಯ್ಯನವರೂ ಕಡೆಗಾಲದಲ್ಲಿ ಕೈಲಾಸವನ್ನು ಹಂಬಲಿಸಿದಾಗ, ಅರಿವು ನೆಲೆಗೊಂಡವನಿಗೆ ಬೇರೆ ಕೈಲಾಸವೇಕೆಂದು ಪತ್ನಿ ಮಹಾದೇವಿಯಮ್ಮನವರು ತಿದ್ದಿದರೆಂಬ ಮಾತು ಶರಣಪರಂಪರೆಯಲ್ಲಿದೆ. ಇದ್ದ ಋತುವಿನಲ್ಲಿಯೇ ಶಿವನಿದ್ದಾನೆ. ಮುಂದಿನ ಋತುವಿಗೆ ಅವನನ್ನು ಎತ್ತಿಡಬೇಕಾದುದಿಲ್ಲ.

ಈ ತತ್ತ್ವವು ಗೃಹಸ್ಥನ ಮನೆಯಲ್ಲಿ ಹೇಗೆ ನಡೆಯಬೇಕು? ಶರಾವತಿಯ ನೀರು ಈಗ ಮಾಡುತ್ತಿರುವ ಕೆಲಸವೇ ಇದನ್ನು ತಿಳಿಸುತ್ತದೆ. 1964ರಲ್ಲಿ ಪೂರ್ತಿಯಾದ ಲಿಂಗನಮಕ್ಕಿ ಅಣೆಕಟ್ಟಿನ ಬುಡದಲ್ಲಿ 55 ಮೆಗಾವಾಟ್ ಸಾಮರ್ಥ್ಯದ ವಿದ್ಯುದಾಗಾರವಿದೆ. ಅಲ್ಲಿ ದುಡಿದ ನೀರು ತಳಕಳಲೆಯ ಜಲಾಶಯವನ್ನು ಸೇರುತ್ತದೆ. ಅಲ್ಲಿಂದ ಘಟ್ಟದ ಕೆಳಗೆ ಬಹು ಎತ್ತರದಿಂದ ಇಳಿದು ಶರಾವತಿ ವಿದ್ಯುದಾಗಾರದ ಯಂತ್ರಗಳನ್ನು ತಿರುಗಿಸುತ್ತದೆ. ಇದರ ಸಾಮರ್ಥ್ಯ 1035 ಮೆಗಾವಾಟ್. ಮೊದಲು ಅಲ್ಲಿಗೇ ಅದರ ದುಡಿಮೆ ಮುಗಿಯಿತೆಂದು ನೀರನ್ನು ನದಿಗೆ ಬಿಡುತ್ತಿದ್ದರು. ಮುಂದೆ ಗೇರುಸೊಪ್ಪೆಯಲ್ಲಿ ಅಣೆಕಟ್ಟನ್ನು ಕಟ್ಟಿ, ದುಡಿದು ಬಂದ ಆ ನೀರನ್ನೇ ತಡೆದು, 240 ಮೆಗಾವಾಟ್ ಸಾಮರ್ಥ್ಯದ ಇನ್ನೊಂದು ವಿದ್ಯುದಾಗಾರವನ್ನು ನಡೆಸಿದರು. ಒಂದೇ ನೀರು ಮೂರು ಬಾರಿ ದುಡಿಯುತ್ತದೆ. ಮೂರನೆಯ ಬಾರಿ ಅದಕ್ಕೆ ನಡುವಿನ ಎತ್ತರವಿಲ್ಲ, ನಡುವಿನ ರಭಸವಿಲ್ಲ. ಆದರೂ ಅದರ ಫಲವು ಮೊದಲನೆಯದಕ್ಕಿಂತ ಹೆಚ್ಚು.

ಬಾಲ್ಯ, ಪ್ರಾಯ, ಮುಪ್ಪುಗಳೂ ಹೀಗೆಯೇ. ಮುಪ್ಪಿನವನು ಪ್ರಾಯದ ಎತ್ತರದಲ್ಲಿಯೇ ನಿಲ್ಲಬೇಕೆಂದು ಹಟ ಹಿಡಿದರೆ ಕೆಳಗಿನ ಯಂತ್ರ ತಿರುಗುವುದಿಲ್ಲ. ಎಷ್ಟೋ ಮನೆಗಳಲ್ಲಿ ನಡುವಯಸ್ಸು ದಾಟಿದ ಮಗನು ಗೊಬ್ಬರದ ಚೀಲ ತರುವುದಕ್ಕೂ ತಂದೆಯ ಅಪ್ಪಣೆಯನ್ನು ಕಾಯಬೇಕು. ಮೊಮ್ಮಕ್ಕಳ ತಾಯಿಯಾದ ಸೊಸೆಯು ಉಗ್ರಾಣದ ಬೀಗದ ಕೈಗಾಗಿ ಅತ್ತೆಯ ಸೊಂಟವನ್ನು ನೋಡಬೇಕು. ಕೊಡಬೇಕಾದ ಕಾಲದಲ್ಲಿ ಕೊಡದ ಬೀಗದ ಕೈಯನ್ನು ಸತ್ತ ಮೇಲೆ ಸೊಂಟದಿಂದ ಬಿಚ್ಚಿಕೊಳ್ಳುತ್ತಾರೆ. ಆಗ ಅದರೊಡನೆ ಪ್ರೀತಿ ಇರುವುದಿಲ್ಲ. ಹಿರಿಯನು ತಾನೇ ಕರೆದು ಕೊಟ್ಟರೆ ಅದು ದಾಸೋಹವಾಗುತ್ತದೆ. ಕೊಟ್ಟ ಮೇಲೂ ಅವನಿಗೆ ಕಾಯಕ ತಪ್ಪಲಿಲ್ಲ. ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿ ಲಿಂಗಪೂಜೆಯನ್ನು ಕಲಿಸುವುದು, ಜಗಳವಾಡಿದ ಅಣ್ಣತಮ್ಮಂದಿರನ್ನು ಒಂದೇ ಪಂಕ್ತಿಯಲ್ಲಿ ಕೂರಿಸುವುದು, ಸಸಿಗೆ ನೀರುಣಿಸುವುದು, ಕೇಳಿದಾಗ ಮಾತ್ರ ಬುದ್ಧಿ ಹೇಳುವುದು, ಇವೆಲ್ಲ ಮುಪ್ಪಿಗೆ ಒದಗಿದ ಕಾಯಕಗಳು. ಕಾಯಕಕ್ಕೆ ನಿವೃತ್ತಿಯಿಲ್ಲ, ಅದರ ರೂಪ ಮಾತ್ರ ಬದಲಾಗುತ್ತದೆ.

ಕಿರಿಯರಿಗೂ ಇಲ್ಲಿ ಪಾಠವಿದೆ. ಮೇಲಿನಿಂದ ದುಡಿದು ಬಂದ ನೀರನ್ನು ಬರಿದೆಂದು ಕಡಲಿಗೆ ಹರಿಯಬಿಡದೆ ಗೇರುಸೊಪ್ಪೆಯಲ್ಲಿ ತಡೆದು ಗೌರವಿಸಿದವರು ಜಾಣರು. ಮನೆಯ ಹಿರಿಯರನ್ನು ಹಿತ್ತಲ ಕೋಣೆಗೆ ಸೇರಿಸಿ, ಹೊತ್ತಿಗೆ ಒಂದು ತಟ್ಟೆ ಇಟ್ಟು, ಅವರ ಮಾತನ್ನು ಕೇಳುವ ಪುರುಸೊತ್ತಿಲ್ಲವೆನ್ನುವವನು ಅರ್ಧ ದುಡಿದ ನೀರನ್ನು ಚೆಲ್ಲುತ್ತಿದ್ದಾನೆ. ಮುಪ್ಪು ಬಂದು ಮೈ ಸೋಲುವ ಮೊದಲೇ ಪೂಜೆಗೆ ತೊಡಗೆಂದು ಬಸವಣ್ಣನವರು ಎಚ್ಚರಿಸಿದುದು ಪ್ರಾಯದವರನ್ನೇ. ಬೆಳಗಿನ ಶಿವಪೂಜೆಗೆ ಅರ್ಧ ಗಳಿಗೆ ಇಲ್ಲದವನಿಗೆ ಮುಪ್ಪಿನಲ್ಲಿ ದಿನವೆಲ್ಲ ಬಿಡುವಾದರೂ ಮನಸ್ಸು ಪೂಜೆಯಲ್ಲಿ ನಿಲ್ಲುವುದು ಕಷ್ಟ.

ಆದರೆ ಋತುವಿನ ಮಾತನ್ನು ಆಡುವುದಕ್ಕೂ ಒಂದು ಋತುವುಂಟು. ಲಿಂಗನಮಕ್ಕಿಯ ನೀರು ಏರಿದಾಗ ಅನೇಕ ಹಳ್ಳಿಗಳು ಮುಳುಗಿದುವು. ಜನರು ಹಿರಿಯರ ಸಮಾಧಿಗಳನ್ನೂ ತೋಟಗಳನ್ನೂ ಬಿಟ್ಟು ಬೇರೆಡೆಗೆ ಹೋದರು. ನಾಡಿಗೆಲ್ಲ ಬೆಳಕು ಕೊಟ್ಟ ಆ ನೀರು ಅವರ ಮನೆಯ ದೀಪವನ್ನು ಆರಿಸಿತು. ಅಂಥವರೆದುರು, ಎಳೆಯ ಮಗನನ್ನು ಕಳೆದುಕೊಂಡ ತಾಯಿಯೆದುರು, ಇದೆಲ್ಲ ಕಾಲಧರ್ಮವೆಂದು ನೀತಿ ಹೇಳುವುದು ಕ್ರೌರ್ಯ. ಸಹಜವಾಗಿ ಹಣ್ಣಾಗಿ ಉದುರಿದ ಎಲೆ ಬೇರೆ, ಬಿರುಗಾಳಿ ಹರಿದುಕೊಂಡ ಚಿಗುರು ಬೇರೆ. ಋತುವಿನ ತತ್ತ್ವವನ್ನು ಸದ್ಭಕ್ತನು ತನ್ನ ನಷ್ಟಕ್ಕೆ ಅನ್ವಯಿಸಿಕೊಳ್ಳಲಿ. ಇತರರ ನಷ್ಟಕ್ಕೆ ಅನ್ನ, ಆಸರೆ, ಜೊತೆಗೆ ಕೂತು ಅಳುವ ಕಣ್ಣು, ಇವನ್ನು ಒಯ್ಯಲಿ. ದಯೆಯಿಲ್ಲದ ತತ್ತ್ವವನ್ನು ಶರಣರು ಎಂದೂ ಮೆಚ್ಚಲಿಲ್ಲ.

ಗೇರುಸೊಪ್ಪೆಯ ಕೆಳಗೆ ಶರಾವತಿಯ ಹರಿವು ನಿಧಾನವಾಗುತ್ತದೆ. ಹೊನ್ನಾವರದತ್ತ ಸಾಗಿದಂತೆ ಕಡಲ ಉಬ್ಬರದ ಉಪ್ಪುನೀರು ನದಿಯೊಳಕ್ಕೆ ಬಂದು ಅದನ್ನು ಎದುರುಗೊಳ್ಳುತ್ತದೆ. ಎಲ್ಲಿ ನದಿ ಮುಗಿಯಿತು, ಎಲ್ಲಿ ಕಡಲು ತೊಡಗಿತು ಎಂದು ಗೆರೆ ಎಳೆಯಲಾಗದು. ಐಕ್ಯಸ್ಥಲವನ್ನು ಬಲ್ಲವರು ಅದನ್ನು ಹೀಗೆಯೇ ತಿಳಿಸಿದ್ದಾರೆ: ಭಕ್ತನು ಶಿವನೆಡೆಗೆ ನಡೆಯುವಂತೆ ಶಿವನೂ ಭಕ್ತನೆಡೆಗೆ ಬರುತ್ತಾನೆ. ಅಲ್ಲಿಯವರೆಗೆ ಆಯಾ ಋತುವಿನ ಕಾಯಕವನ್ನು ಆಯಾ ಋತುವಿನಲ್ಲಿ ಮಾಡಿ, ಕೊಡಬೇಕಾದುದನ್ನು ಕೈ ನಡುಗುವ ಮೊದಲೇ ಕೊಟ್ಟು, ಅಂಗೈಯ ಲಿಂಗವನ್ನು ಮರೆಯದೆ ನಡೆಯುವ ಗೃಹಸ್ಥನಿಗೆ ಶಿಶಿರದ ಭಯವಿಲ್ಲ. ಸದ್ಭಕ್ತರ ಮನೆಮನೆಗಳಲ್ಲಿ ಹಿರಿಯರ ಮಾಗುವಿಕೆಯೂ ಕಿರಿಯರ ಚಿಗುರೂ ಒಂದೇ ಚಪ್ಪರದಲ್ಲಿ ಹಬ್ಬಲಿ. ಶರಣು ಶರಣಾರ್ಥಿ.