ಕಾವು ಎಷ್ಟು ಬೇಕು?

ನಮ್ಮ ಸಂಘದ ಪಿಕ್‌ನಿಕ್‌ಗಳಲ್ಲಿ ಊಟ ಮುಗಿಸಿ ಹಿರಿಯರು ಒಂದೆಡೆ ಕುಳಿತರೆ ಮಾತು ಮಕ್ಕಳ ಕಡೆಗೇ ತಿರುಗುತ್ತದೆ. “ಎಷ್ಟು ಮಾಡಿದರೂ ದೂರವೇ ಹೋಗುತ್ತಾರೆ” ಎಂಬ ದೂರು ನಾನೂ ಹೇಳಿದ್ದೇ. ಆದರೆ ಪ್ರೀತಿಯಿಂದ ಮಾಡಿದ್ದು ತಪ್ಪಾಗುವುದುಂಟೇ? ನನಗೆ ಇದರ ಪಾಠ ಹೇಳಿದ್ದು ಆರು ಕೋಳಿಮರಿಗಳು.

ಮಗಳು ಐದನೇ ತರಗತಿಯಲ್ಲಿದ್ದಾಗ ಹಟ ಹಿಡಿದು ಆ ಮರಿಗಳನ್ನು ಮನೆಗೆ ತರಿಸಿದಳು. ಓಹಾಯೋದ ಏಪ್ರಿಲ್ ಚಳಿ. ಮರಿಗೆ ಮೊದಲ ವಾರ ಸುಮಾರು 95 ಡಿಗ್ರಿ ಫ್ಯಾರನ್‌ಹೀಟ್ ಬೇಕು. ಆಮೇಲೆ ಪುಕ್ಕ ಬರುವ ತನಕ ವಾರಕ್ಕೆ 5 ಡಿಗ್ರಿಯಂತೆ ಇಳಿಸಬೇಕು. ಡಾಕ್ಟರಲ್ಲವೇ, ನಾನೇ ಮುಂದೆ ನಿಂತೆ. ಸಣ್ಣ ರಟ್ಟಿನ ಪೆಟ್ಟಿಗೆಯ ನಡುವೆ 250 ವ್ಯಾಟಿನ ಕೆಂಪು ದೀಪ ತೂಗುಹಾಕಿ, ಗಾಳಿ ತಾಗದಿರಲೆಂದು ಬಾಯಿ ಅರ್ಧ ಮುಚ್ಚಿದೆ. ಸಂಜೆ ಥರ್ಮಾಮೀಟರ್ ಸರಿಯಾಗಿ 95 ತೋರಿಸಿತು.

ಮಲಗುವ ಹೊತ್ತಿಗೆ ಮಗಳು ಬಂದು, “ಅಪ್ಪ, ಮರಿಗಳು ಬಾಯಿ ತೆಕ್ಕೊಂಡು ರೆಕ್ಕೆ ಅಗಲಿಸಿ ಕೂತಿವೆ” ಎಂದಳು. “ನಾನು ನೋಡಿದ್ದೇನಮ್ಮ, 95 ಇದೆ” ಎಂದೆ. ಕುರ್ಚಿಯಿಂದ ಏಳಲಿಲ್ಲ. ಬೆಳಿಗ್ಗೆ ಎರಡು ಮರಿ ಸತ್ತಿದ್ದವು. ಥರ್ಮಾಮೀಟರ್ 110 ದಾಟಿತ್ತು.

ಮದ್ದೂರಿನ ಬಳಿಯ ನಮ್ಮ ಹಳ್ಳಿಗೆ ಫೋನ್ ಮಾಡಿದಾಗ ಅವ್ವನಿಗೆ ಹೇಳಿದೆ. ಥರ್ಮಾಮೀಟರ್ ಮುಟ್ಟದೆ ನೂರಾರು ಮರಿ ಸಾಕಿದವಳು. “ಒತ್ಕೊಂಡು ಕೂಗುದ್ರೆ ಚಳಿ, ದೂರ ಓದ್ರೆ ಸೆಕೆ. ಅವೇ ಯೋಳ್ತವೆ ಕಲಾ ಮಗ. ದೂರ ಓಗಕ್ಕೆ ಜಾಗ ಮಡಗಿದ್ಯಾ?” ಎಂದಳು. ಮಡಗಿರಲಿಲ್ಲ. ಅಂದೇ ಉದ್ದನೆಯ ಪೆಟ್ಟಿಗೆ ತಂದು ದೀಪವನ್ನು ಒಂದು ತುದಿಗೆ ಕಟ್ಟಿದೆ. ನಾಲ್ಕು ಮರಿ ಉಳಿದವು.

ನಾಚಿಕೆಯ ಸಂಗತಿಯೆಂದರೆ ಇದು ನನಗೆ ತಿಳಿಯದ ವಿಷಯವಲ್ಲ. ಪ್ಯಾರಿಸ್ಸಿನ ವೈದ್ಯ ತಾರ್ನಿಯೇ ಅಲ್ಲಿನ ಪ್ರಾಣಿಸಂಗ್ರಹಾಲಯದಲ್ಲಿ ಕೋಳಿಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆಯನ್ನು ಕಂಡು, ಸುಮಾರು 1880ರಲ್ಲಿ ಅಂಥದ್ದನ್ನೇ ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗಾಗಿ ಮಾಡಿಸಿದರು. ನಮ್ಮ ಇನ್‌ಕ್ಯುಬೇಟರಿನ ಮೂಲ ಕೋಳಿಗೂಡೇ. ರೆಸಿಡೆನ್ಸಿಯಲ್ಲಿ ನಾನು ಬಳಸಿದ ಇನ್‌ಕ್ಯುಬೇಟರಿನಲ್ಲಿ ಮಗುವಿನ ಚರ್ಮಕ್ಕೇ ಒಂದು ಸಣ್ಣ ತಂತಿ ಅಂಟಿಸುತ್ತಿದ್ದೆವು. ಮಗುವಿನ ಮೈ ಬೆಚ್ಚಗಾದರೆ ಯಂತ್ರ ತಾನೇ ಕಾವು ಇಳಿಸುತ್ತಿತ್ತು. ಯಂತ್ರವೂ ಮಗುವನ್ನು ಕೇಳುತ್ತದೆ. ನಾನು ಕೇಳಲಿಲ್ಲ.

ಅದೇ ಮಗಳು ಕಾಲೇಜಿನ ಎರಡನೇ ವರ್ಷದಲ್ಲಿ ಪ್ರೀ-ಮೆಡ್ ಬಿಟ್ಟು ಶಾಲಾಶಿಕ್ಷಕಿಯಾಗುತ್ತೇನೆಂದಳು. ನಾನು ಅರ್ಧ ಗಂಟೆ ಮಾತಾಡಿದೆ: ನಿನ್ನ ಅಂಕಗಳಿಗೇನು ಕಡಿಮೆ, ಇದೆಲ್ಲ ನಿನ್ನ ಒಳ್ಳೆಯದಕ್ಕೇ. ಕೊನೆಗೆ ಅವಳು, “ನಾನು ಹೇಳಿದ್ದು ಕೇಳಿಸ್ತಾ ಅಪ್ಪ?” ಎಂದಳು. ಆಮೇಲೆ ಎರಡು ತಿಂಗಳು ಫೋನ್ ಬರಲಿಲ್ಲ. ಅಷ್ಟು ದಿನ ಬೇಕಾಯಿತು ನನಗೆ ಆ ರಟ್ಟಿನ ಪೆಟ್ಟಿಗೆ ನೆನಪಾಗಲು.

ಹಾಗಾದರೆ ದೀಪ ಆರಿಸಿಬಿಡುವುದೇ ಸರಿಯೇ? ಖಂಡಿತ ಅಲ್ಲ. ಎಳೆಮರಿಗೆ ತನ್ನ ಮೈಕಾವು ತಾನೇ ಉಳಿಸಿಕೊಳ್ಳುವ ಶಕ್ತಿಯಿಲ್ಲ. “ಅವರಿಷ್ಟ” ಎಂದು ಕೈ ತೊಳೆದುಕೊಳ್ಳುವುದು ಸ್ವಾತಂತ್ರ್ಯ ಕೊಟ್ಟಂತಲ್ಲ, ಹೊಣೆಯಿಂದ ಜಾರಿಕೊಂಡಂತೆ. ತಾಯಿಕೋಳಿಯನ್ನು ನೋಡಿ. ಮರಿ ರೆಕ್ಕೆಯಡಿಯಿಂದ ಹೊರಗೋಡಿ ಕಾಳು ಹೆಕ್ಕುತ್ತದೆ, ಚಳಿಯಾದರೆ ಮತ್ತೆ ಒಳಗೆ ನುಗ್ಗುತ್ತದೆ. ರೆಕ್ಕೆ ಅಲ್ಲೇ ಇರುತ್ತದೆ. ಪುಕ್ಕ ಬಲಿತ ಮೇಲೆ ಅದೇ ತಾಯಿ ಕುಕ್ಕಿ ದೂರ ಅಟ್ಟುತ್ತದೆ. ಅದನ್ನು ಯಾರೂ ಕ್ರೌರ್ಯವೆನ್ನುವುದಿಲ್ಲ.

ದೂರ ಹೋಗಲು ಜಾಗವಿದ್ದರೇ ಮರಳಿ ಬಂದದ್ದಕ್ಕೆ ಅರ್ಥ. ಜಾಗವಿಲ್ಲದ ಪೆಟ್ಟಿಗೆಯಲ್ಲಿ ಮರಿ ದೀಪದ ಕೆಳಗೇ ಇತ್ತೆಂದು ಹಿಗ್ಗುವುದರಲ್ಲಿ ಏನಿದೆ?

ಮಗಳು ಈಗ ಎರಡನೇ ತರಗತಿಗೆ ಪಾಠ ಹೇಳುತ್ತಾಳೆ. ಭಾನುವಾರಗಳಲ್ಲಿ ಫೋನ್ ಮಾಡುತ್ತಾಳೆ, ಪ್ರತಿ ಭಾನುವಾರವಲ್ಲ. ಬಾರದ ವಾರ ನಾನಾಗಿ ಮಾಡುವುದಿಲ್ಲ. ಕಷ್ಟವಾಗುತ್ತದೆ, ಆದರೂ ಫೋನಿನ ಹತ್ತಿರವೇ ಕುಳಿತಿರುತ್ತೇನೆ.