ಎಲ್ಲಿಗೆ, ಏತಕ್ಕೆ?

ಹೊರಟು ನಿಂತವರನ್ನು ‘ಎಲ್ಲಿಗೆ?’ ಎಂದು ಕೇಳಬಾರದೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಕೇಳಿದರೆ ಹೋದ ಕೆಲಸ ಕೆಡುತ್ತದಂತೆ. ತೀರ ಕುತೂಹಲವಿದ್ದರೆ ‘ದೂರ ಹೊರಟಿರಾ?’ ಎಂದು ಬಳಸಿ ಕೇಳಬಹುದು. ಮನಸ್ಸಿದ್ದರೆ ಹೇಳುತ್ತಾರೆ; ಇಲ್ಲದಿದ್ದರೆ ‘ಇಲ್ಲೇ’ ಎಂದು ನಕ್ಕು ನಡೆಯುತ್ತಾರೆ. ಇದನ್ನು ನಾನು ಬಹುಕಾಲ ಬರಿಯ ಶಕುನದ ಮಾತೆಂದೇ ಎಣಿಸಿದ್ದೆ. ಅದರೊಳಗೊಂದು ನೀತಿಯೂ ಅಡಗಿದೆಯೆಂದು ಹೊಳೆದದ್ದು, ಅಮೆರಿಕದ ಒಂದು ಕಾನೂನಿನ ವಿವರಗಳನ್ನು ಓದುತ್ತಿದ್ದಾಗ.

ಅದು ಅಂಗವಿಕಲರಿಗೆ ಸಂಬಂಧಿಸಿದ ಕಾಯಿದೆ. 1990ರ ಜುಲೈ 26ರಂದು ಅಧ್ಯಕ್ಷ ಜಾರ್ಜ್ ಬುಷ್ ಅದಕ್ಕೆ ಸಹಿ ಹಾಕಿದರು. ಅದು ಸುಮ್ಮನೆ ಬಂದದ್ದಲ್ಲ. 1978ರ ಜುಲೈಯಲ್ಲಿ ಡೆನ್ವರ್ ನಗರದ ಒಂದು ಚೌಕದಲ್ಲಿ ಹತ್ತೊಂಬತ್ತು ಮಂದಿ ಅಂಗವಿಕಲರು, ತಮ್ಮನ್ನು ಹತ್ತಿಸಿಕೊಳ್ಳಲಾರದ ಬಸ್ಸುಗಳಿಗೆ ಅಡ್ಡ ನಿಂತು ರಾತ್ರಿಯಿಡೀ ಕದಲಲಿಲ್ಲ. 1990ರ ಮಾರ್ಚಿಯಲ್ಲಿ ಹಲವರು ತಮ್ಮ ಗಾಲಿಕುರ್ಚಿಗಳನ್ನು ಕೆಳಗೇ ಬಿಟ್ಟು, ವಾಷಿಂಗ್ಟನ್ನಿನ ಸಂಸತ್ ಭವನದ ಮೆಟ್ಟಿಲುಗಳನ್ನು ತೆವಳುತ್ತ ಏರಿದರು.

ಕಾಯಿದೆಯ ಪ್ರಕಾರ ಹೊಸ ಬಸ್ಸುಗಳಲ್ಲಿ ಗಾಲಿಕುರ್ಚಿ ಹತ್ತುವ ಏರ್ಪಾಡಿರಬೇಕು. ಆದರೂ ಬಸ್ಸನ್ನು ಬಳಸಲಾಗದವರು ಉಳಿಯುತ್ತಾರಷ್ಟೆ. ಅವರಿಗಾಗಿ, ನಗರದ ಬಸ್ಸುಗಳನ್ನು ಓಡಿಸುವ ಸಂಸ್ಥೆಯೇ ಬೇರೆ ಗಾಡಿಯನ್ನು ಕಳುಹಿಸಬೇಕು. ಹಿಂದಿನ ದಿನ ತಿಳಿಸಿದರೆ ಸಾಕು. ಇದಕ್ಕೆ ಎಲ್ಲೆಗಳುಂಟು: ಹೊರಡುವ ಮತ್ತು ಸೇರುವ ಸ್ಥಳಗಳು ಬಸ್ ಮಾರ್ಗದಿಂದ ಮುಕ್ಕಾಲು ಮೈಲಿಯೊಳಗಿರಬೇಕು, ಬಸ್ಸು ಓಡುವ ಹೊತ್ತಿನಲ್ಲೇ ಗಾಡಿಯೂ ಓಡುತ್ತದೆ, ದರ ಬಸ್ಸಿನ ಎರಡರಷ್ಟನ್ನು ಮೀರಬಾರದು, ಕೇಳಿದ ಹೊತ್ತಿಗಿಂತ ಒಂದು ಗಂಟೆ ಹಿಂದುಮುಂದಾಗಬಹುದು, ಅದಕ್ಕಿಂತ ಹೆಚ್ಚಲ್ಲ. ಇವೆಲ್ಲದರ ನಡುವೆ ನನ್ನನ್ನು ತಡೆದು ನಿಲ್ಲಿಸಿದ ನಿಯಮ ಒಂದಿದೆ. ಪ್ರಯಾಣದ ಉದ್ದೇಶವನ್ನು ನೋಡಿ ಒಬ್ಬರಿಗೆ ಮೊದಲು, ಒಬ್ಬರಿಗೆ ಆಮೇಲೆ ಎನ್ನುವಂತಿಲ್ಲ. ಆಸ್ಪತ್ರೆಗೆ ಹೋಗುವವನೂ ಸಿನಿಮಾಕ್ಕೆ ಹೋಗುವವನೂ ಅಲ್ಲಿ ಸಮಾನರು.

ಇದು ಅತಿಯಾಯಿತಲ್ಲವೆ ಎಂದು ಯಾರಾದರೂ ಕೇಳಿಯಾರು. ಕೇಳುವುದರಲ್ಲಿ ತಪ್ಪಿಲ್ಲ. ಓಡುತ್ತಿರುವ ಬಸ್ಸಿಗೆ ಇನ್ನೊಬ್ಬ ಹತ್ತಿದರೆ ಖರ್ಚು ಏರುವುದು ತೀರ ಸ್ವಲ್ಪ. ಈ ಗಾಡಿಯ ಲೆಕ್ಕ ಹಾಗಲ್ಲ. ಇನ್ನೊಬ್ಬ ಕೇಳಿದನೆಂದರೆ ಹೆಚ್ಚುಕಡಿಮೆ ಇನ್ನೊಂದು ಪ್ರಯಾಣವೇ ಆಯಿತು. ಒಂದು ಸಲದ ವೆಚ್ಚ ಬಸ್ಸಿನದಕ್ಕಿಂತ ಎಷ್ಟೋ ಪಟ್ಟು. ಅದನ್ನು ಭರಿಸುವ ಸಂಸ್ಥೆಗೆ ಉಳಿದ ಬಡ ಪ್ರಯಾಣಿಕರ ಬಸ್ಸನ್ನೂ ಓಡಿಸಬೇಕು. ಆದ್ದರಿಂದ ಅಲ್ಲಿನ ಅಧಿಕಾರಿಗಳು ‘ಬೇಡಿಕೆಯ ನಿರ್ವಹಣೆ’ ಎಂದು ಮಾತನಾಡಿದರೆ ಅವರನ್ನು ಕಟುಕರೆಂದು ಬೈಯಲು ನನಗೆ ಮನಸ್ಸಿಲ್ಲ. ಪ್ರಶ್ನೆ ಇಷ್ಟೆ: ಬೇಡಿಕೆಯನ್ನು ಯಾವ ಬಗೆಯಿಂದ ಇಳಿಸುವುದು ನ್ಯಾಯ?

ಬಗೆಗಳು ಎರಡು. ಬೀದಿಯ ಕಾಲುದಾರಿಯನ್ನು ಸರಿಮಾಡುವುದು, ನಿಲ್ದಾಣದ ಹೆಸರನ್ನು ಕಣ್ಣು ಕಾಣದವರಿಗೆ ಕೂಗಿ ಹೇಳುವುದು, ಬಸ್ಸಿನಲ್ಲಿ ಒಬ್ಬರೇ ಓಡಾಡುವುದನ್ನು ಜೊತೆಯಲ್ಲಿದ್ದು ಕಲಿಸುವುದು ಒಂದು ಬಗೆ. ಇಲ್ಲಿ ಮನುಷ್ಯ ಗಾಡಿಯನ್ನು ಕೇಳದಿರುವುದು, ಇನ್ನೊಂದು ದಾರಿ ತೆರೆದಿರುವುದರಿಂದ. ಎರಡನೆಯದು, ಕೇಳುವುದನ್ನೇ ಕಷ್ಟವಾಗಿಸುವುದು. ಗಾಡಿ ತಡವಾಗಿ ಬರುತ್ತದೆ, ಬಂದರೂ ಊರೆಲ್ಲ ಸುತ್ತಿಸುತ್ತದೆ, ದೂರವಾಣಿಯಲ್ಲಿ ಕಾಯಿಸುತ್ತಾರೆ. ‘ಇಲ್ಲ’ ಎಂದು ಯಾರೂ ಹೇಳುವುದಿಲ್ಲ. ಕೇಳುವವನೇ ದಣಿದು ಸುಮ್ಮನಾಗುತ್ತಾನೆ. ಕಾನೂನು ಮಾಡಿದವರಿಗೆ ಇದು ತಿಳಿದಿತ್ತು. ಪದೇ ಪದೇ ತಡಮಾಡುವುದನ್ನೂ ವಿಪರೀತ ಸುತ್ತಿಸುವುದನ್ನೂ ಅವರು ಹೆಸರಿಸಿಯೇ ನಿಷೇಧಿಸಿದ್ದಾರೆ.

ಸಂಕಟವೇನೆಂದರೆ, ಲೆಕ್ಕದ ಪುಸ್ತಕದಲ್ಲಿ ಎರಡೂ ಒಂದೇ ಆಗಿ ಕಾಣುತ್ತವೆ: ಬೇಡಿಕೆ ಇಳಿಯಿತು. ಆ ಮನುಷ್ಯ ಬಸ್ಸಿನಲ್ಲಿ ಹೋದನೋ, ಮನೆಯಲ್ಲೇ ಉಳಿದನೋ ಎಂಬುದನ್ನು ಅಂಕಿ ಹೇಳುವುದಿಲ್ಲ.

ಇದನ್ನು ಬರೆಯಲು ನನಗೆ ಸಲೀಸಾಗಬಾರದು. ನಮ್ಮ ಮನೆಯಲ್ಲೂ ಇಂಥದೊಂದು ಲೆಕ್ಕ ನಡೆದಿತ್ತು. ಕೊನೆಯ ವರ್ಷಗಳಲ್ಲಿ ತಾಯಿಗೆ ಒಬ್ಬರ ಆಸರೆಯಿಲ್ಲದೆ ಮೆಟ್ಟಿಲಿಳಿಯಲು ಆಗುತ್ತಿರಲಿಲ್ಲ. ‘ತಂಗಿಯ ಮನೆಗೆ ಹೋಗಿಬರೋಣವೇನೋ?’ ಎಂದು ಕೇಳುತ್ತಿದ್ದಳು. ನಾನು ಒಂದು ದಿನವೂ ಆಗದು ಎಂದವನಲ್ಲ. ‘ಈಗಲೇ ಹೋಗಬೇಕೇನಮ್ಮ? ಏನಾದರೂ ವಿಶೇಷವೆ?’ ಎನ್ನುತ್ತಿದ್ದೆ, ಅಷ್ಟೆ. ಡಾಕ್ಟರ ಬಳಿಗೆಂದರೆ ಮಾತ್ರ ರಜೆ ಹಾಕಿ ಆಟೋ ತರುತ್ತಿದ್ದೆ. ಕ್ರಮೇಣ ಅವಳು ಕೇಳುವುದನ್ನು ಬಿಟ್ಟಳು. ‘ಅಮ್ಮನಿಗೆ ಈಗ ಎಲ್ಲಿಗೂ ಹೋಗುವ ಆಸೆಯೇ ಇಲ್ಲ’ ಎಂದು ನಾನು ಬಂದವರೊಡನೆ ಹೇಳುತ್ತಿದ್ದೆ, ನಂಬಿಯೂ ಇದ್ದೆ. ಒಂದು ಬೆಳಿಗ್ಗೆ ರಕ್ತಪರೀಕ್ಷೆಗೆ ಕರೆದೊಯ್ಯಲು ಹೋದರೆ, ಅವಳು ಪೆಟ್ಟಿಗೆಯಿಂದ ರೇಷ್ಮೆ ಸೀರೆ ತೆಗೆಸಿ ಉಟ್ಟು, ಹೂ ಮುಡಿದು ಕುಳಿತಿದ್ದಳು. ‘ಪೇಟೆ ಬೀದಿಯ ಮೇಲೇ ಹೋಗೋಣಪ್ಪ’ ಎಂದಳು.

ಆಗ ನನಗೆ ಕಂಡದ್ದು ಇದು. ಎಲ್ಲೆ ಹಾಕುವುದು ತಪ್ಪಲ್ಲ. ಮುಕ್ಕಾಲು ಮೈಲಿ, ಹಿಂದಿನ ದಿನದ ಸೂಚನೆ, ಎರಡರಷ್ಟು ದರ ಎಲ್ಲರ ಕಣ್ಣಿಗೂ ಕಾಣುವ ಎಲ್ಲೆಗಳು; ಸರಿಯಲ್ಲವೆನಿಸಿದರೆ ಎದುರು ನಿಂತು ವಾದಿಸಬಹುದು. ‘ಭಾನುವಾರ ಮಾತ್ರ ಆಗುತ್ತದಮ್ಮ’ ಎಂದು ನಾನು ಹೇಳಿದ್ದರೆ ತಾಯಿ ಭಾನುವಾರಕ್ಕಾಗಿ ಕಾದಿರುತ್ತಿದ್ದಳು. ನಾನು ಕೇಳಿದ್ದು ಕಾರಣವನ್ನು. ತಂಗಿಯನ್ನು ನೋಡುವ ಆಸೆಗೆ ಯಾರು ತಾನೆ ಕಾರಣ ಕೊಟ್ಟಾರು?

ನಗರದ ಬಸ್ಸಿನಲ್ಲಿ ಕಂಡಕ್ಟರು ‘ಎಲ್ಲಿಗೆ?’ ಎನ್ನುತ್ತಾನೆ, ಚೀಟಿ ಹರಿಯುವುದಕ್ಕಾಗಿ. ‘ಏತಕ್ಕೆ?’ ಎಂದು ಅವನು ಇದುವರೆಗೆ ನನ್ನನ್ನು ಕೇಳಿಲ್ಲ. ಕೇಳಿದ್ದರೆ ನನ್ನ ಓಡಾಟದಲ್ಲಿ ಅರ್ಧಕ್ಕೂ ಸರಿಯಾದ ಉತ್ತರವಿರುತ್ತಿರಲಿಲ್ಲ. ಕಾಲು ಗಟ್ಟಿಯಿರುವ ನಮಗೆ ಈ ಮರ್ಯಾದೆ ಕೇಳದೆಯೇ ಸಿಕ್ಕಿದೆ. ಅದು ಎಲ್ಲರಿಗೂ ಸಲ್ಲಬೇಕೆಂದು ಅಲ್ಲಿ ಕಾನೂನು ಬರೆದಿದ್ದಾರೆ. ನಮ್ಮ ಹಿರಿಯರು ಶಕುನದ ಹೆಸರಿನಲ್ಲಿ ಹೇಳಿದ್ದರು. ನಾನು ಎರಡನ್ನೂ ತಡವಾಗಿ ತಿಳಿದುಕೊಂಡೆ.