ಪಥ್ಯವು ವ್ರತವಾಗುವುದೆಂದು?

ಭದ್ರಾವತಿಯ ಶ್ರಾವಕರೊಬ್ಬರು ಶಿವಮೊಗ್ಗದಲ್ಲಿ ರಕ್ತಪರೀಕ್ಷೆ ಮಾಡಿಸಿಕೊಂಡರು. ಬರಿಹೊಟ್ಟೆಯ ಸಕ್ಕರೆ ಡೆಸಿಲೀಟರಿಗೆ 112 ಮಿಲಿಗ್ರಾಂ. 100ರಿಂದ 125ರವರೆಗೆ ಮಧುಮೇಹದ ಹೊಸ್ತಿಲೆಂದ ವೈದ್ಯರು ಸಿಹಿಯನ್ನು ಬಿಟ್ಟು ಅನ್ನವನ್ನು ಮಿತಗೊಳಿಸಲು ಸೂಚಿಸಿದರು. ಅವರು ಬಸದಿಯಲ್ಲಿ ಕೇಳಿದರು: “ಬೆಲ್ಲ ಸಕ್ಕರೆಗಳನ್ನು ಬಿಟ್ಟಿದ್ದೇನೆ. ಇದು ರಸಪರಿತ್ಯಾಗವಲ್ಲವೇ?”

ಪ್ರಶ್ನೆಯು ವಿಚಾರಣೀಯವಾದುದು. ಅವಮೌದರ್ಯ, ರಸಪರಿತ್ಯಾಗಗಳು ಆರು ಬಾಹ್ಯತಪಗಳಲ್ಲಿ ಸೇರಿವೆ. ಅವುಗಳ ಗುರಿ ಇಂದ್ರಿಯಜಯವೇ ಹೊರತು ಆಯುಷ್ಯವೃದ್ಧಿಯಲ್ಲ. ಲೌಕಿಕ ಫಲವನ್ನು ಬಯಸಿ ಕೈಗೊಂಡ ವ್ರತದಲ್ಲಿ ನಿದಾನವೆಂಬ ಶಲ್ಯವು ಉಳಿಯುತ್ತದೆ. ರೋಗಭಯದಿಂದ ಬಿಟ್ಟುದು ಪಥ್ಯ. ಅದಕ್ಕೆ ವ್ರತದ ಹೆಸರನ್ನಿಡುವುದು ಆತ್ಮವಂಚನೆ.

ಆದರೆ ಪಥ್ಯವು ಹೀನವಲ್ಲ. ಸ್ವಾಧ್ಯಾಯಕ್ಕೂ ಸಾಮಾಯಿಕಕ್ಕೂ ಸ್ವಸ್ಥ ದೇಹ ಬೇಕು. ಅದಕ್ಕಾಗಿ ಆಚಾರವನ್ನು ಮೀರಬೇಕಾಗಿಯೂ ಇಲ್ಲ. ವೈದ್ಯರು ಹೇಳುವ ಮೊಳಕೆಕಾಳು, ಕ್ಯಾರೆಟ್ಟುಗಳು ನಮ್ಮ ಆಚಾರವಂತ ಮನೆಗಳಲ್ಲಿ ವರ್ಜ್ಯವಾದರೂ ಹೆಸರುಬೇಳೆ, ತೊಗರಿಬೇಳೆ, ಹೀರೆ, ಪಡವಲ, ಹಾಗಲಗಳಿವೆ. ಸೂರ್ಯಾಸ್ತದೊಳಗಿನ ಮಿತಭೋಜನವೂ ಅನುಕೂಲವೇ. ಆದರೆ ಹಸಿರನ್ನು ತ್ಯಜಿಸುವ ಅಷ್ಟಮಿ, ಚತುರ್ದಶಿಗಳಂದು ಅನ್ನ, ಅವಲಕ್ಕಿ, ಪಾಯಸಗಳಿಂದಲೇ ಎಲೆ ತುಂಬಿದರೆ, ಪಾರಣೆಯಲ್ಲಿ ಬೆಲ್ಲದ ಪಾನಕವನ್ನೇ ಕುಡಿದರೆ, ಅಲ್ಲಿ ತಪವೂ ಇಲ್ಲ, ಪಥ್ಯವೂ ಇಲ್ಲ. ಸಕ್ಕರೆಗೆ ಮಾತ್ರೆ ಸೇವಿಸುವವರಂತೂ ವೈದ್ಯರಿಗೆ ತಿಳಿಸದೆ ಉಪವಾಸ ಮಾಡಲಾಗದು.

ಒಂದು ಪರೀಕ್ಷೆಯನ್ನು ನಾವೇ ಮಾಡಿಕೊಳ್ಳಬಹುದು. ನಾಳೆ ಸಕ್ಕರೆ 90ಕ್ಕೆ ಇಳಿದರೆ ಕೈ ಹೋಳಿಗೆಯತ್ತ ಹೋಗುವುದೇ? ಹೋಗುವುದಾದರೆ ಈವರೆಗೆ ಬಿಟ್ಟುದು ನಾಲಗೆ ಮಾತ್ರ, ಮನಸ್ಸಲ್ಲ. ಭಯವು ತೀರಿದ ಮೇಲೂ, ಕಾಲದ ಮಿತಿಯನ್ನಿಟ್ಟು, ಗುರುಸಾಕ್ಷಿಯಾಗಿ ಅದೇ ನಿಯಮವನ್ನು ಸ್ವೀಕರಿಸಿದ ದಿನ ಪಥ್ಯವು ವ್ರತವಾಗುತ್ತದೆ.